ಅಕ್ವೇರಿಯಂ ತಳಕ್ಕೆ ಮರಳು: ಆರಿಸುವುದು, ಪರೀಕ್ಷಿಸುವುದು, ತೊಳೆದು ಹಾಸುವುದು

ಅಕ್ವೇರಿಯಂಗೆ ಮರಳು ಆರಿಸುವಾಗ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಬಣ್ಣದ ಮೇಲೆ. ಅದನ್ನು ಕೊನೆಗೆ ನೋಡಿದರೂ ನಡೆಯುತ್ತದೆ. ಕಣ ಎಷ್ಟು ದಪ್ಪ, ಅದರ ಅಂಚು ದುಂಡಗಿದೆಯೋ ಚೂಪಾಗಿದೆಯೋ, ನೀರಿಗೆ ಅದು ಏನನ್ನಾದರೂ ಬಿಡುತ್ತದೆಯೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ತಪ್ಪು ಮರಳಿನ ಪರಿಣಾಮ ಮೊದಲ ದಿನ ಕಾಣುವುದಿಲ್ಲ. ಸುಣ್ಣದಂಶ ಬೆರೆತ ಮರಳು ವಾರಗಟ್ಟಲೆ ತೆಗೆದುಕೊಂಡು ನೀರನ್ನು ಗಡಸು ಮಾಡುತ್ತದೆ. ಚೂಪು ಕಣಗಳು ತಳದಲ್ಲಿ ಮೇಯುವ ಮೀನಿನ ಮೀಸೆಯನ್ನು ದಿನವೂ ಸ್ವಲ್ಪಸ್ವಲ್ಪ ಸವೆಸುತ್ತವೆ. ಇದು ಗೊತ್ತಾಗುವ ಹೊತ್ತಿಗೆ ಟ್ಯಾಂಕಿನಲ್ಲಿ ಕಲ್ಲು, ಗಿಡ, ಮೀನು ಎಲ್ಲ ನೆಲೆಯಾಗಿರುತ್ತವೆ, ಮರಳು ಬದಲಿಸಲು ಎಲ್ಲವನ್ನೂ ಕೀಳಬೇಕಾಗುತ್ತದೆ. ಅದಕ್ಕೇ ಪರೀಕ್ಷೆಗಳೆಲ್ಲ ಬಕೆಟ್‌ನಲ್ಲೇ ಮುಗಿಯಬೇಕು.

ಮೀನು ಮೊದಲು, ಮರಳು ಆಮೇಲೆ

ಯಾವ ಮೀನು ಸಾಕುತ್ತೀರಿ ಎಂದು ತೀರ್ಮಾನಿಸದೆ ಮರಳು ಕೊಳ್ಳಬೇಡಿ. ಕೊರಿಡೊರಾಸ್ (ಚುಟುಕಾಗಿ ಕೋರಿ) ಮೀನುಗಳು ಮೂತಿಯನ್ನು ಮರಳಿಗೆ ಹುದುಗಿಸಿ, ಬಾಯಿಗೆ ಎಳೆದುಕೊಂಡ ಮರಳಿನಿಂದ ಆಹಾರವನ್ನು ಹೆಕ್ಕಿ, ಉಳಿದದ್ದನ್ನು ಕಿವಿರಿನ ಸಂದಿಯಿಂದ ಹೊರಕ್ಕೆ ಬಿಡುತ್ತವೆ. ದಕ್ಷಿಣ ಅಮೆರಿಕದ ಜಿಯೊಫೇಗಸ್ ಜಾತಿಯ ಸಿಕ್ಲಿಡ್‌ಗಳು ದಿನವಿಡೀ ಇದನ್ನೇ ಮಾಡುತ್ತವೆ. ಇವುಗಳ ಬಾಯಿ ಮತ್ತು ಕಿವಿರಿನಲ್ಲಿ ಸಲೀಸಾಗಿ ಹಾದುಹೋಗಬೇಕಾದರೆ ಕಣ 1 ಮಿ.ಮೀ.ಗಿಂತ ಚಿಕ್ಕದಿರಬೇಕು, ಅಂಚು ದುಂಡಗಿರಬೇಕು. ಜಲ್ಲಿ ಹಾಸಿದ ಟ್ಯಾಂಕಿನಲ್ಲಿ ಕೋರಿಗಳು ಬದುಕುತ್ತವೆ, ಆದರೆ ಅವುಗಳ ಸಹಜ ವರ್ತನೆ ಅರ್ಧಕ್ಕರ್ಧ ನಿಂತುಹೋಗುತ್ತದೆ. ಕಲ್ಲುಗಳ ಸಂದಿಗೆ ಬಿದ್ದ ಆಹಾರವೂ ಅವುಗಳಿಗೆ ಸಿಗದೆ ಅಲ್ಲೇ ಕೊಳೆಯುತ್ತದೆ.

ಕೂಲಿ ಲೋಚ್, ಮುಳ್ಳುಹಾವುಮೀನು, ಸಿಹಿನೀರಿನ ರೇ ಮುಂತಾದವು ಮರಳೊಳಗೆ ಹುದುಗಿಕೊಳ್ಳುವ ಜೀವಿಗಳು. ಇವಕ್ಕೆ ಸಣ್ಣ, ನುಣುಪಾದ ಮರಳು ಕಡ್ಡಾಯವೆಂದೇ ಹೇಳಬೇಕು, ಚೂಪು ಕಣ ಹೊಟ್ಟೆಯ ಚರ್ಮವನ್ನು ಗೀರುತ್ತದೆ. ಟ್ಯಾಂಗನೀಕಾ ಸರೋವರದ ಚಿಪ್ಪುವಾಸಿ ಸಿಕ್ಲಿಡ್‌ಗಳು ಬಸವನಹುಳುವಿನ ಖಾಲಿ ಚಿಪ್ಪುಗಳ ಸುತ್ತ ಗುಂಡಿ ತೋಡಿ ಸಂಸಾರ ಹೂಡುತ್ತವೆ. ಅವುಗಳಿಗೆ ಕನಿಷ್ಠ 5 ಸೆಂ.ಮೀ. ಆಳದ ಸಣ್ಣ ಮರಳು ಬೇಕು. ಗೋಲ್ಡ್‌ಫಿಶ್ ವಿಷಯದಲ್ಲಿ ಅಪಾಯ ಬೇರೆ ಕಡೆಯಿಂದ ಬರುತ್ತದೆ: ತಳ ಕೆದಕುವ ಇವು ಕಲ್ಲನ್ನು ಬಾಯಿಗೆ ಹಾಕಿಕೊಂಡು ಉಗುಳುತ್ತವೆ, ಬಾಯಿಗೆ ಸರಿಯಾಗಿ ಹಿಡಿಯುವಷ್ಟೇ ಗಾತ್ರದ ಬೆಣಚುಕಲ್ಲು ಅಲ್ಲೇ ಸಿಕ್ಕಿಕೊಳ್ಳಬಹುದು. ಮರಳಿನಲ್ಲಿ ಆ ಭಯವಿಲ್ಲ.

ಟೆಟ್ರಾ, ಗಪ್ಪಿ, ಏಂಜೆಲ್‌ಗಳಂಥವು ತಳದ ಗೊಡವೆಗೆ ಹೆಚ್ಚು ಹೋಗುವುದಿಲ್ಲ. ಅಲ್ಲಿ ಗಿಡ ಮತ್ತು ಶುಚಿಯ ಅನುಕೂಲ ನೋಡಿ ಆರಿಸಿದರಾಯಿತು.

ತಳದ ಪ್ಲಾಸ್ಟಿಕ್ ತಟ್ಟೆಯ ಕೆಳಗಿಂದ ನೀರೆಳೆಯುವ ಅಂಡರ್‌ಗ್ರಾವೆಲ್ ಫಿಲ್ಟರ್ ಇದ್ದರೆ ಮಾತ್ರ ಮರಳಿನ ಆಸೆ ಬಿಡಿ. ಕಣಗಳು ತಟ್ಟೆಯ ಸೀಳುಗಳಿಂದ ಕೆಳಗಿಳಿಯುತ್ತವೆ, ಉಳಿದದ್ದು ಬಿಗಿಯಾಗಿ ಕೂತು ನೀರಿನ ಹರಿವನ್ನೇ ನಿಲ್ಲಿಸುತ್ತದೆ.

ಕಣದ ಗಾತ್ರ

ಭೂವಿಜ್ಞಾನದ ಲೆಕ್ಕದಲ್ಲಿ 0.0625ರಿಂದ 2 ಮಿ.ಮೀ.ವರೆಗಿನ ಎಲ್ಲ ಕಣವೂ ಮರಳೇ. ಅಕ್ವೇರಿಯಂಗೆ ಈ ಇಡೀ ವ್ಯಾಪ್ತಿ ಒಗ್ಗುವುದಿಲ್ಲ. 0.25 ಮಿ.ಮೀ.ಗಿಂತ ಸಣ್ಣ ಮರಳು ಮೀನಿನ ಬಾಲ ಬೀಸಿದರೆ ಏಳುತ್ತದೆ, ಫಿಲ್ಟರ್ ಒಳಕ್ಕೆ ಹೋಗುತ್ತದೆ, ತನ್ನ ಭಾರಕ್ಕೇ ಒತ್ತಿಕೊಂಡು ಗಟ್ಟಿಯಾಗುತ್ತದೆ. 0.4ರಿಂದ 0.8 ಮಿ.ಮೀ. ನಡುವಿನದು ಹೆಚ್ಚಿನ ಸಿಹಿನೀರಿನ ಟ್ಯಾಂಕ್‌ಗಳಿಗೆ ಅತ್ಯಂತ ಹೊಂದುವ ಗಾತ್ರ. ಮೀನಿಗೆ ಜರಡಿಯಾಡಲು ಸಾಕಷ್ಟು ಸಣ್ಣದು, ಸೈಫನ್ ಹಾಕುವಾಗ, ಅಂದರೆ ಕೊಳವೆಯಿಂದ ನೀರಿನೊಡನೆ ಕಸ ಎಳೆದು ತೆಗೆಯುವಾಗ, ಕೂಡಲೇ ಕೆಳಗೆ ಬೀಳುವಷ್ಟು ಭಾರದ್ದು. ಗಿಡಗಳೇ ಮುಖ್ಯವಾದ ಟ್ಯಾಂಕಿನಲ್ಲಿ, ತಳ ಕೆದಕುವ ಮೀನಿಲ್ಲದಿದ್ದರೆ, 1ರಿಂದ 2 ಮಿ.ಮೀ. ಒರಟು ಮರಳು ಬೇರಿಗೆ ಒಳ್ಳೆಯದು.

ಚೀಲದ ಮೇಲೆ ಗಾತ್ರವನ್ನು ಮೆಶ್ ಸಂಖ್ಯೆಯಲ್ಲಿ ಬರೆದಿರುವುದುಂಟು. 20 ಮೆಶ್ ಎಂದರೆ ಸುಮಾರು 0.84 ಮಿ.ಮೀ., 30 ಮೆಶ್ 0.6, 40 ಮೆಶ್ 0.42, 60 ಮೆಶ್ 0.25. ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು. "20/40" ಎಂದಿದ್ದರೆ ಹೆಚ್ಚಿನ ಕಣಗಳು 0.42ರಿಂದ 0.84 ಮಿ.ಮೀ. ಒಳಗಿವೆ ಎಂದರ್ಥ. ಏನೂ ಬರೆಯದಿದ್ದರೆ ಅಳೆಯುವುದು ಕಷ್ಟವೇನಲ್ಲ. ಪಾರದರ್ಶಕ ಅಂಟುಪಟ್ಟಿಯ ಮೇಲೆ 20 ಕಣಗಳನ್ನು ಒಂದಕ್ಕೊಂದು ತಾಗುವಂತೆ ಸಾಲಾಗಿ ಅಂಟಿಸಿ, ಸಾಲಿನ ಉದ್ದವನ್ನು ಸ್ಕೇಲಿನಿಂದ ಅಳೆದು 20ರಿಂದ ಭಾಗಿಸಿ. ಅದೇ ಪಟ್ಟಿಯನ್ನು ಬೆಳಕಿಗೆ ಹಿಡಿದು ಫೋನ್ ಕ್ಯಾಮೆರಾದಲ್ಲಿ ಹಿಗ್ಗಿಸಿ ನೋಡಿದರೆ ಅಂಚುಗಳು ಹೇಗಿವೆ ಎಂಬುದೂ ತಿಳಿಯುತ್ತದೆ.

ಸರಾಸರಿ ಗಾತ್ರದಷ್ಟೇ ಮುಖ್ಯವಾದದ್ದು ಏಕರೂಪತೆ. ದಪ್ಪ ಸಣ್ಣ ಎಲ್ಲ ಬೆರೆತ ಮರಳಿನಲ್ಲಿ ದಪ್ಪ ಕಣಗಳ ನಡುವಿನ ಜಾಗವನ್ನು ಸಣ್ಣವು ತುಂಬುತ್ತವೆ. ನೀರು ಒಳಗಿಳಿಯಲು ದಾರಿ ಉಳಿಯುವುದಿಲ್ಲ, ಆಮ್ಲಜನಕ ಮೇಲಿನ ತೆಳು ಪದರದಲ್ಲೇ ಮುಗಿದುಹೋಗುತ್ತದೆ. ಒಂದೇ ಗಾತ್ರಕ್ಕೆ ಜರಡಿ ಹಿಡಿದ ಮರಳಿನಲ್ಲಿ ಸುಮಾರು 40 ಶೇಕಡದಷ್ಟು ಜಾಗ ಖಾಲಿಯೇ ಇರುತ್ತದೆ, ಅದರ ತಳ ಉಸಿರಾಡುತ್ತದೆ.

ಯಾವ ಮರಳು ಎಷ್ಟು ಯೋಗ್ಯ

ಈಜುಕೊಳದ ಫಿಲ್ಟರ್‌ಗಳಿಗೆ ಬಳಸುವ ಸಿಲಿಕಾ ಮರಳು ನಮ್ಮ ಮೊದಲ ಆಯ್ಕೆ. ನೀರು ಸೋಸಲೆಂದೇ ಜರಡಿ ಹಿಡಿದದ್ದಾದ್ದರಿಂದ ಕಣ ಹೆಚ್ಚುಕಡಿಮೆ 0.4ರಿಂದ 0.85 ಮಿ.ಮೀ. ನಡುವೆ ಒಂದೇ ಸಮನಾಗಿರುತ್ತದೆ, ಧೂಳು ಕಡಿಮೆ. ಬೆಣಚು ಅಂದರೆ ಸಿಲಿಕಾ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ), ಗಡಸುತನಗಳನ್ನು ಬದಲಿಸುವುದಿಲ್ಲ. ಕೊಳ್ಳುವಾಗ ಅದು ನಿಜಕ್ಕೂ ಸಿಲಿಕಾ ಎಂದು ಖಚಿತಪಡಿಸಿಕೊಳ್ಳಿ. ಅದೇ ಕೆಲಸಕ್ಕೆ ಜಿಯೋಲೈಟ್, ಗಾಜಿನ ಪುಡಿ ಕೂಡ ಮಾರಾಟವಾಗುತ್ತವೆ.

ಮಕ್ಕಳ ಆಟದ ಗುಂಡಿಗೆ ತುಂಬುವ ಮರಳು ದುಂಡಗೆ, ಮೃದುವಾಗಿ, ನೋಡಲು ಸಹಜವಾಗಿರುತ್ತದೆ. ಕೋರಿಗಳಿಗೆ ಬಲು ಇಷ್ಟ. ಆದರೆ ಕಣಗಳು ಬೆರಕೆ, ಧೂಳು ವಿಪರೀತ. ತೊಳೆಯುವ ತಾಳ್ಮೆ ಇದ್ದು, ಪದರವನ್ನು 3 ಸೆಂ.ಮೀ. ಒಳಗೆ ಇಡುವುದಾದರೆ ಇದು ಒಳ್ಳೆಯ ಮರಳೇ.

ಕಟ್ಟಡಕ್ಕೆ ಬಳಸುವ ನದಿ ಮರಳಿನ ಬಗ್ಗೆ ಒಂದೇ ಮಾತಿನಲ್ಲಿ ಹೌದು ಅಲ್ಲ ಎನ್ನಲಾಗದು. ಹೊಳೆಯಲ್ಲಿ ಉರುಳಿ ಬಂದ ಕಣ ದುಂಡಗಿರುತ್ತದೆ. ಜೊತೆಗೆ ಜೇಡಿ, ಎಲೆಚೂರು, ಚಿಪ್ಪಿನ ತುಣುಕು, ಕೆಲವೊಮ್ಮೆ ಸಿಮೆಂಟ್ ಪುಡಿಯೂ ಇರುತ್ತವೆ. ಮುಂದೆ ಹೇಳುವ ಪರೀಕ್ಷೆಗಳೆಲ್ಲದರಲ್ಲಿ ಪಾಸಾದರೆ, 2 ಮಿ.ಮೀ. ಜರಡಿ ಹಿಡಿದು ಬಳಸಬಹುದು. ಬಂಡೆ ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಮಾತ್ರ ಬೇಡ. ಯಂತ್ರದಲ್ಲಿ ಒಡೆದ ಕಣದ ಅಂಚು ಚೂಪು, ಕಲ್ಲಿನ ಹಿಟ್ಟು ಎಷ್ಟು ತೊಳೆದರೂ ಬರುತ್ತಲೇ ಇರುತ್ತದೆ. ಲೋಹದ ತುಕ್ಕು ತೆಗೆಯಲು ಬಳಸುವ ಬ್ಲಾಸ್ಟಿಂಗ್ ಮರಳಿಗೂ ಇದೇ ಮಾತು. ಅದರ ಕಪ್ಪು ಬಣ್ಣ ಆಕರ್ಷಕ, ಆದರೆ ಬಹಳಷ್ಟು ಬಾರಿ ಅದು ಒಡೆದ ಕುಲುಮೆಯ ಕಿಟ್ಟ. ತಳದ ಮೀನಿಲ್ಲದ ಗಿಡದ ಟ್ಯಾಂಕಿಗಾದರೆ ನಡೆದೀತು, ಕೋರಿ ಲೋಚ್‌ಗಳಿಗೆ ಖಂಡಿತ ಸಲ್ಲದು.

ಕಡಲತೀರದ ಮರಳನ್ನು ತುಂಬಿ ತರುವ ಆಸೆ ಬೇಡ. ಉಪ್ಪನ್ನು ತೊಳೆದು ತೆಗೆಯಬಹುದು, ಪುಡಿಯಾದ ಚಿಪ್ಪನ್ನು ಆರಿಸಿ ತೆಗೆಯಲಾಗದು. ಎಣ್ಣೆ, ಕೊಳಚೆಯ ಅಂಶ ಕಣ್ಣಿಗೆ ಕಾಣುವುದಿಲ್ಲ. ತೀರದ, ನದಿಪಾತ್ರದ ಮರಳು ತೆಗೆಯುವುದಕ್ಕೆ ಹಲವೆಡೆ ಕಾನೂನಿನ ತಡೆಯೂ ಇದೆ.

ಅರಗೊನೈಟ್ ಮತ್ತು ಹವಳದ ಮರಳು ಬೇರೆಯದೇ ವರ್ಗ. ಇವು ಕ್ಯಾಲ್ಸಿಯಂ ಕಾರ್ಬೊನೇಟ್. ನೀರು ಆಮ್ಲೀಯವಾದಂತೆ ನಿಧಾನಕ್ಕೆ ಕರಗಿ ಪಿಎಚ್, ಕೆಎಚ್ (ಕಾರ್ಬೊನೇಟ್ ಗಡಸುತನ), ಜಿಎಚ್ (ಒಟ್ಟು ಗಡಸುತನ) ಮೂರನ್ನೂ ಏರಿಸುತ್ತವೆ. ಸಮುದ್ರದ ನೀರಿನ ಟ್ಯಾಂಕಿಗೆ, ಮಲಾವಿ ಮತ್ತು ಟ್ಯಾಂಗನೀಕಾ ಸರೋವರದ ಮೀನುಗಳಿಗೆ ಇದೇ ತಕ್ಕ ಮರಳು. ನಿಯಾನ್ ಟೆಟ್ರಾ, ಡಿಸ್ಕಸ್, ಅಪಿಸ್ಟೊಗ್ರಾಮಗಳಂತಹ ಮೆದುನೀರಿನ ಮೀನುಗಳಿಗೆ ಇದು ಹೊಂದುವುದಿಲ್ಲ.

ಬಣ್ಣ ಹಚ್ಚಿದ ಮರಳು ಕೊಳ್ಳಲೇಬೇಕಿದ್ದರೆ ಒಂದು ಹಿಡಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಬಿಸಿನೀರಲ್ಲಿ ಒಂದು ದಿನ ನೆನೆಸಿಟ್ಟು ಬಲವಾಗಿ ಉಜ್ಜಿ. ಬಟ್ಟೆಗೆ ಬಣ್ಣ ಹತ್ತಿದರೆ ಬಿಟ್ಟುಬಿಡಿ.

ಇನ್ನು ಬಣ್ಣದ ಮಾತು. ಮೀನಿನ ಚರ್ಮದಲ್ಲಿನ ವರ್ಣಕೋಶಗಳು ಹಿನ್ನೆಲೆಗೆ ಹೊಂದಿಕೊಳ್ಳುತ್ತವೆ. ಅಚ್ಚ ಬಿಳಿ ತಳದ ಮೇಲೆ ಬಹಳಷ್ಟು ಮೀನುಗಳು ಬಿಳಿಚಿಕೊಳ್ಳುತ್ತವೆ, ಕಂದು ಅಥವಾ ಕಪ್ಪು ತಳದ ಮೇಲೆ ಬಣ್ಣ ತುಂಬಿಕೊಳ್ಳುತ್ತವೆ. ಬಿಳಿ ಮರಳು ಬೆಳಕನ್ನು ಕೆಳಗಿನಿಂದ ಹಿಂದಿರುಗಿಸಿ ಅಂಜುಬುರುಕ ಮೀನನ್ನು ಇನ್ನಷ್ಟು ಅಡಗಿಸುತ್ತದೆ, ಹಿಕ್ಕೆಯ ಪ್ರತಿ ಎಳೆಯನ್ನೂ ಎತ್ತಿ ತೋರಿಸುತ್ತದೆ. ತಿಳಿಗಂದು, ಕಂದು, ಕಪ್ಪು ಕಣಗಳು ಬೆರೆತ ಸಹಜ ಬಣ್ಣ ಮೀನಿಗೂ ನೋಡುವವರಿಗೂ ಹಿತ.

ಮನೆಯಲ್ಲೇ ಮಾಡುವ ಪರೀಕ್ಷೆಗಳು

ಮೊದಲಿಗೆ ಬಾಟಲಿ ಪರೀಕ್ಷೆ. ಪಾರದರ್ಶಕ ಬಾಟಲಿಗೆ ಮೂರನೇ ಒಂದು ಭಾಗ ಮರಳು, ಉಳಿದದ್ದಕ್ಕೆ ನೀರು ತುಂಬಿ ಒಂದು ನಿಮಿಷ ಕುಲುಕಿ ಇಡಿ. ಮರಳು ಒಂದು ನಿಮಿಷದೊಳಗೆ ತಳ ಸೇರುತ್ತದೆ. ಅದರ ಮೇಲೆ ಕೆಲವು ಗಂಟೆಗಳಲ್ಲಿ ಕೂರುವ ನುಣುಪು ಪದರ ಹೂಳು, ಮರುದಿನವೂ ನೀರನ್ನು ಬಗ್ಗಡವಾಗಿಡುವುದು ಜೇಡಿ. ಹೂಳಿನ ಪದರ ಮರಳಿನ ಹತ್ತನೇ ಒಂದು ಭಾಗಕ್ಕಿಂತ ದಪ್ಪವಿದ್ದರೆ ತೊಳೆಯುವ ಶ್ರಮಕ್ಕೆ ಬೆಲೆಯಿಲ್ಲ, ಬೇರೆ ಮರಳು ಹುಡುಕಿ.

ಎರಡನೆಯದು ಆಮ್ಲ ಪರೀಕ್ಷೆ. ಒಂದು ಚಮಚ ಮರಳನ್ನು ಮೊದಲು ನೀರಿನಿಂದ ಪೂರ್ತಿ ಒದ್ದೆ ಮಾಡಿ, ಹೆಚ್ಚಿನ ನೀರು ಬಸಿದು, ಮೇಲೆ ವಿನೆಗರ್ ಸುರಿಯಿರಿ. ಒದ್ದೆ ಮಾಡುವುದನ್ನು ಬಿಡಬೇಡಿ. ಒಣ ಮರಳಿನ ಮೇಲೆ ಏನನ್ನು ಸುರಿದರೂ ಒಳಗಿನ ಗಾಳಿ ಗುಳ್ಳೆಯಾಗಿ ಬರುತ್ತದೆ, ಅದನ್ನೇ ನೊರೆಯೆಂದು ತಿಳಿದು ಒಳ್ಳೆಯ ಮರಳನ್ನು ಎಸೆದವರುಂಟು. ಸುಣ್ಣದಂಶವಿದ್ದರೆ ಕಣದ ಮೈಮೇಲೆ ಸಣ್ಣ ಗುಳ್ಳೆಗಳು ಬಿಡದೆ ಏಳುತ್ತಿರುತ್ತವೆ. ವಿನೆಗರ್ ದುರ್ಬಲ ಆಮ್ಲ, ಡಾಲೊಮೈಟ್‌ನಂಥ ನಿಧಾನದ ಖನಿಜವನ್ನು ಅದು ತೋರಿಸದಿರಬಹುದು. ಸಂಶಯ ಉಳಿದರೆ ಹೈಡ್ರೊಕ್ಲೋರಿಕ್ ಆಮ್ಲವಿರುವ ಶೌಚಾಲಯದ ಕ್ಲೀನರ್‌ನ ಕೆಲವು ಹನಿ ಹಾಕಿ ನೋಡಿ. ಕೈಗವಸು, ಕನ್ನಡಕ ಹಾಕಿಕೊಂಡು ಬಯಲಲ್ಲಿ ಮಾಡಿ, ಬ್ಲೀಚ್ ಹತ್ತಿರವೂ ಸುಳಿಯಬಾರದು, ಏಕೆಂದರೆ ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಪರೀಕ್ಷಿಸಿದ ಚಮಚ ಮರಳನ್ನು ಮತ್ತೆ ಚೀಲಕ್ಕೆ ಸೇರಿಸಬೇಡಿ.

ಮೂರನೆಯದಾದ ನೆನೆಸಿಡುವ ಪರೀಕ್ಷೆಗೆ ಸಮಯ ಬೇಕು, ಆದರೆ ಅದರ ಮಾತೇ ಅಂತಿಮ. ಎರಡು ಒಂದೇ ಬಗೆಯ ಜಾಡಿ ತೆಗೆದುಕೊಳ್ಳಿ. ಒಂದಕ್ಕೆ ಅರ್ಧ ಕೆ.ಜಿ. ತೊಳೆದ ಮರಳು, ಅರ್ಧ ಲೀಟರ್ ನೀರು. ಇನ್ನೊಂದಕ್ಕೆ ಬರೀ ಅದೇ ನೀರು. ಎರಡರಲ್ಲೂ ಪಿಎಚ್, ಕೆಎಚ್, ಜಿಎಚ್ ಅಳೆದು ಬರೆದಿಡಿ. ಒಂದು ದಿನ, ಒಂದು ವಾರ, ಎರಡು ವಾರದ ನಂತರ ಮತ್ತೆ ಅಳೆಯಿರಿ. ಬರೀ ನೀರಿನ ಜಾಡಿ ಏಕೆಂದರೆ, ನಲ್ಲಿ ನೀರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಹೋದಂತೆ ಪಿಎಚ್ ತಾನಾಗಿಯೇ ಬದಲಾಗುತ್ತದೆ, ಆ ಬದಲಾವಣೆಯನ್ನು ಮರಳಿನ ತಲೆಗೆ ಕಟ್ಟಬಾರದು. ಇದಕ್ಕೆ ಆರ್‌ಒ ನೀರು ಅಥವಾ ಮೆದುನೀರನ್ನೇ ಬಳಸಿ. ಗಡಸು ನೀರು ಆಗಲೇ ಸುಣ್ಣದಿಂದ ತುಂಬಿರುವುದರಿಂದ ಮರಳಿನಿಂದ ಹೆಚ್ಚು ಕರಗಿಸಿಕೊಳ್ಳುವುದಿಲ್ಲ, ಕೆಟ್ಟ ಮರಳೂ ಅದರಲ್ಲಿ ಒಳ್ಳೆಯದಾಗಿ ಕಾಣುತ್ತದೆ. ಎರಡು ವಾರದಲ್ಲಿ ಮರಳಿನ ಜಾಡಿಯ ಕೆಎಚ್ ಇನ್ನೊಂದಕ್ಕಿಂತ 1 ಡಿಗ್ರಿ, ಅಂದರೆ ಲೀಟರಿಗೆ ಸುಮಾರು 18 ಮಿ.ಗ್ರಾಂ., ಇಲ್ಲವೇ ಅದಕ್ಕೂ ಹೆಚ್ಚು ಏರಿದ್ದರೆ ಆ ಮರಳು ಮೆದುನೀರಿನ ಟ್ಯಾಂಕಿಗೆ ಬೇಡ. ನಿಮ್ಮ ನೀರೇ ಗಡಸಾಗಿದ್ದು, ಸಾಕುವುದು ಗಪ್ಪಿ, ಮಾಲಿಗಳಾದರೆ ಅಷ್ಟು ಏರಿಕೆಯಿಂದ ತೊಂದರೆಯಿಲ್ಲ.

ಕಪ್ಪು ಮರಳಿಗೆ ಒಂದು ಹೆಚ್ಚಿನ ಪರೀಕ್ಷೆಯುಂಟು. ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮರಳಲ್ಲಿ ಆಡಿಸಿ. ಮ್ಯಾಗ್ನೆಟೈಟ್ ಕಣಗಳು ಗೊಂಚಲಾಗಿ ಅಂಟಿದರೆ ಎಚ್ಚರ. ಫಿಲ್ಟರಿನಲ್ಲಿ ತಿರುಗಿ ನೀರು ತಳ್ಳುವ ಇಂಪೆಲ್ಲರ್ ಸಹ ಅಯಸ್ಕಾಂತವೇ. ಅದು ಈ ಕಣಗಳನ್ನು ಹಿಡಿದಿಟ್ಟುಕೊಂಡು ತನ್ನ ಗೂಡನ್ನು ತಾನೇ ಕೊರೆಯುತ್ತದೆ.

ಎಷ್ಟು ಬೇಕು

ಟ್ಯಾಂಕಿನ ಉದ್ದ, ಅಗಲ, ಬೇಕಾದ ಆಳವನ್ನು ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ. ಒಣ ಸಿಲಿಕಾ ಮರಳು ಲೀಟರಿಗೆ ಸುಮಾರು 1.6 ಕೆ.ಜಿ. ತೂಗುತ್ತದೆ. 60×30 ಸೆಂ.ಮೀ. ತಳದ ಟ್ಯಾಂಕಿಗೆ 4 ಸೆಂ.ಮೀ. ಆಳ ಬೇಕಿದ್ದರೆ 7.2 ಲೀಟರ್, ಅಂದರೆ ಹನ್ನೊಂದೂವರೆ ಕೆ.ಜಿ. 90×45 ತಳಕ್ಕೆ 5 ಸೆಂ.ಮೀ. ಹಾಸಿದರೆ 20 ಲೀಟರ್ ಚಿಲ್ಲರೆ, ಸುಮಾರು 32 ಕೆ.ಜಿ. ತೊಳೆಯುವಾಗ ಹೋಗುವುದಕ್ಕೆ, ಹಿಂಬದಿ ಎತ್ತರಿಸುವುದಕ್ಕೆ 10 ಶೇಕಡ ಹೆಚ್ಚು ತನ್ನಿ. ಟ್ಯಾಂಕ್ ಇಡುವ ಸ್ಟ್ಯಾಂಡಿನ ಭಾರದ ಲೆಕ್ಕದಲ್ಲಿ ಈ ತೂಕವನ್ನೂ ಸೇರಿಸಿ.

ಆಳ ಎಷ್ಟಿರಬೇಕು ಎಂಬುದಕ್ಕೆ ನಮ್ಮ ಉತ್ತರ: ಕೆಲಸಕ್ಕೆ ಬೇಕಾದಷ್ಟೇ. ಗಿಡವಿಲ್ಲದ ಟ್ಯಾಂಕಿಗೆ 2ರಿಂದ 3 ಸೆಂ.ಮೀ., ಕೋರಿ ಮತ್ತು ಲೋಚ್‌ಗಳಿಗೆ 3ರಿಂದ 5, ಬೇರೂರುವ ಗಿಡಕ್ಕೆ 5ರಿಂದ 7. ಹೆಚ್ಚು ಹಾಕಿದರೆ ಚೆನ್ನ ಎಂಬ ಭಾವನೆಯಿಂದ ಸಣ್ಣ ಮರಳನ್ನು 8, 10 ಸೆಂ.ಮೀ. ತುಂಬಿದರೆ ಕೆಳಗಿನ ಅರ್ಧ ಆಮ್ಲಜನಕವಿಲ್ಲದೆ ಉಳಿಯುತ್ತದೆ. ಸಮುದ್ರದ ಟ್ಯಾಂಕುಗಳಲ್ಲಿ ನೈಟ್ರೇಟ್ ತಗ್ಗಿಸಲೆಂದೇ ಅಂಥ ಆಳದ ತಳ ಮಾಡುವುದುಂಟು. ಅಲ್ಲಿ ಮರಳನ್ನು ತಿರುವುವ ಹುಳು, ಜೀವಿಗಳ ದೊಡ್ಡ ಸೈನ್ಯವೇ ಇರುತ್ತದೆ.

ತೊಳೆಯುವುದು

ಒಣ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಚೀಲ ಬಿಚ್ಚಿದ ಕೂಡಲೇ ನೀರು ಚಿಮುಕಿಸಿ ಮರಳನ್ನು ಒದ್ದೆ ಮಾಡಿ, ಆಮೇಲೆ ಸುರಿಯಿರಿ.

1. 15ರಿಂದ 20 ಲೀಟರ್ ಬಕೆಟ್‌ಗೆ 3ರಿಂದ 4 ಕೆ.ಜಿ. ಮರಳು ಮಾತ್ರ ಹಾಕಿ. ಬಕೆಟ್ ಸಾಬೂನು ಕಾಣದ್ದಾಗಿರಬೇಕು.
2. ಪೈಪಿನ ತುದಿಯನ್ನು ಮರಳಿನ ತಳದವರೆಗೆ ತುರುಕಿ ನೀರು ಬಿಡಿ. ಕೆಳಗಿಂದ ಬರುವ ನೀರು ಧೂಳನ್ನು ಮೇಲಕ್ಕೆ ತಳ್ಳುತ್ತದೆ. ಮೇಲಿನಿಂದ ಸುರಿದರೆ ಧೂಳು ಒಳಕ್ಕೇ ಇಳಿಯುತ್ತದೆ.
3. ಕೈಯಿಂದ ತಳ ಮುಟ್ಟಿ ಕಲಕಿ, 5ರಿಂದ 10 ಸೆಕೆಂಡ್ ಬಿಟ್ಟು ಬಗ್ಗಡ ನೀರನ್ನು ಬಗ್ಗಿಸಿ. ಅಷ್ಟರೊಳಗೆ ತಳ ಸೇರದ ಕಣ ನಿಮಗೆ ಬೇಡದ ಕಣ.
4. ಕಲಕಿದ ಕೂಡಲೇ ನೀರಿನ ಮೂಲಕ ನಿಮ್ಮ ಬೆರಳ ಉಗುರು ಸ್ಪಷ್ಟವಾಗಿ ಕಾಣುವವರೆಗೆ ಮುಂದುವರಿಸಿ.

ಈಜುಕೊಳದ ಮರಳಿಗೆ ನಾಲ್ಕೈದು ಸಲ ಸಾಕು, ಆಟದ ಮರಳಿಗೆ ಹದಿನೈದು ಇಪ್ಪತ್ತು ಸಲವೂ ಬೇಕಾಗುತ್ತದೆ. ಬಗ್ಗಡ ನೀರನ್ನು ಸಿಂಕಿಗೆ ಚೆಲ್ಲಬೇಡಿ, ಮರಳು ಪೈಪಿನ ಬಾಗಿನಲ್ಲಿ ಕೂತು ಗಟ್ಟಿಯಾಗುತ್ತದೆ. ನದಿ ಮರಳಾದರೆ ಕೊನೆಗೆ ಕುದಿಯುವ ನೀರು ಸುರಿದು ಅರ್ಧ ಗಂಟೆ ಬಿಡಿ. ಮರಳನ್ನೇ ಒಲೆಯ ಮೇಲಿಟ್ಟು ಕುದಿಸಬಾರದು, ತಳದಲ್ಲಿ ಸಿಕ್ಕಿದ ಹಬೆ ಸ್ಫೋಟಿಸಿದಂತೆ ಎದ್ದು ಮೈಮೇಲೆ ಚಿಮ್ಮುತ್ತದೆ.

ಹಾಸುವುದು

ಭಾರದ ಕಲ್ಲುಗಳು ಮೊದಲು, ಮರಳು ಆಮೇಲೆ. ಈ ಕ್ರಮ ತಪ್ಪಿದರೆ ಒಂದು ದಿನ ಸಿಕ್ಲಿಡ್ ಕಲ್ಲಿನ ಬುಡ ತೋಡುತ್ತದೆ, ಕಲ್ಲು ಉರುಳಿ ಮೀನನ್ನೋ ಗಾಜನ್ನೋ ಒಡೆಯುತ್ತದೆ. ಗಾಜಿನ ತಳಕ್ಕೆ ತೆಳು ಫೋಮ್ ಅಥವಾ ಪ್ಲಾಸ್ಟಿಕ್ ಜಾಲರಿ ಹಾಸಿ, ಅದರ ಮೇಲೆ ಕಲ್ಲನ್ನು ಅಲುಗದಂತೆ ಕೂರಿಸಿ, ಸುತ್ತ ಮರಳು ತುಂಬಿ. ಮರಳು ಒದ್ದೆಯಾಗಿರುವಾಗಲೇ ಹಾಕಿದರೆ ಗಾಳಿ ಕಡಿಮೆ ಸಿಕ್ಕಿಕೊಳ್ಳುತ್ತದೆ.

ಮುಂದೆ 2ರಿಂದ 3 ಸೆಂ.ಮೀ., ಹಿಂದೆ 5ರಿಂದ 6 ಇರುವಂತೆ ಇಳಿಜಾರು ಕೊಟ್ಟರೆ ಟ್ಯಾಂಕ್ ಆಳವಾಗಿ ಕಾಣುತ್ತದೆ, ಕಸ ಮುಂದಕ್ಕೆ ಬಂದು ತೆಗೆಯಲು ಸಿಗುತ್ತದೆ. ಬರೀ ಮರಳಿನ ಇಳಿಜಾರು ನಿಲ್ಲುವುದಿಲ್ಲ. ಮೀನಿನ ಓಡಾಟ, ನೀರಿನ ಹರಿವು ಅದನ್ನು ಕೆಲವೇ ತಿಂಗಳಲ್ಲಿ ಸಮತಟ್ಟು ಮಾಡುತ್ತವೆ. ಅಡ್ಡಲಾಗಿ ಚಪ್ಪಟೆ ಕಲ್ಲುಗಳನ್ನು ಹುಗಿದು ತಡೆ ಕಟ್ಟಿ.

ನೀರು ತುಂಬುವ ಮುನ್ನ ಮರಳಿನ ಮೇಲೆ ತಟ್ಟೆ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಸಣ್ಣ ಧಾರೆ ಬಿಡಿ. ಎಷ್ಟೇ ತೊಳೆದಿದ್ದರೂ ಸ್ವಲ್ಪ ಬಗ್ಗಡ ಸಹಜ, ಒಂದೆರಡು ದಿನದಲ್ಲಿ ತಿಳಿಯಾಗುತ್ತದೆ. ನೀರು ಕುದುರುವ ಮೊದಲೇ ಫಿಲ್ಟರ್ ಚಾಲೂ ಮಾಡುವುದು ಇಂಪೆಲ್ಲರಿನ ಅಕ್ಷಕ್ಕೆ ಮಾರಕ. 12ರಿಂದ 24 ಗಂಟೆ ಕಾದು, ಫಿಲ್ಟರಿಗೆ ನುಣುಪು ಹತ್ತಿ ತುಂಬಿ ಶುರು ಮಾಡಿ, ಎರಡು ದಿನದ ಮೇಲೆ ಆ ಹತ್ತಿಯನ್ನು ಎಸೆಯಿರಿ. ನೀರೆಳೆಯುವ ಕೊಳವೆಯ ಬಾಯಿ ಮರಳಿನಿಂದ 7ರಿಂದ 10 ಸೆಂ.ಮೀ. ಮೇಲಿರಲಿ, ಅದಕ್ಕೊಂದು ಸ್ಪಂಜಿನ ಮುಸುಕು ಹಾಕಿದರೆ ಇನ್ನೂ ಕ್ಷೇಮ.

ಮರಳಲ್ಲಿ ಗಿಡ

ಸಿಲಿಕಾ ಮರಳಿನಲ್ಲಿ ಪೋಷಕಾಂಶವೂ ಇಲ್ಲ, ಹಾಕಿದ ಪೋಷಕಾಂಶವನ್ನು ಹಿಡಿದಿಡುವ ಶಕ್ತಿಯೂ ಇಲ್ಲವೆನ್ನುವಷ್ಟು ಕಡಿಮೆ. ವ್ಯಾಲಿಸ್ನೇರಿಯಾ, ಕ್ರಿಪ್ಟೊಕೋರಿನ್, ಅಮೆಜಾನ್ ಸ್ವೋರ್ಡ್‌ಗಳಂಥ ಬೇರಿನಿಂದ ಉಣ್ಣುವ ಗಿಡಗಳಿಗೆ ಗೊಬ್ಬರದ ಗುಳಿಗೆಗಳನ್ನು ಸುಮಾರು 15 ಸೆಂ.ಮೀ.ಗೊಂದರಂತೆ ಮರಳಿನ ತಳಕ್ಕೆ ಒತ್ತಿ, ಎರಡು ಮೂರು ತಿಂಗಳಿಗೊಮ್ಮೆ ಹೊಸದು ಹಾಕಿ. ಗುಳಿಗೆ ಮೇಲೆ ಉಳಿದರೆ ಅದು ಪಾಚಿಯ ಪಾಲು. ಅನುಬಿಯಾಸ್, ಜಾವಾ ಫರ್ನ್‌ಗಳ ಗೆಡ್ಡೆಕಾಂಡವನ್ನು ಮರಳಲ್ಲಿ ಹೂತರೆ ಕೊಳೆಯುತ್ತದೆ, ಅವುಗಳ ಜಾಗ ಕಲ್ಲು ಮರದ ತುಂಡುಗಳ ಮೇಲೆ.

ಮಣ್ಣಿನ ಮೇಲೆ ಮರಳು ಮುಚ್ಚುವ ಪದ್ಧತಿಗೆ 2ರಿಂದ 3 ಸೆಂ.ಮೀ. ಮಣ್ಣು, ಅದರ ಮೇಲೆ 3ರಿಂದ 4 ಸೆಂ.ಮೀ. ಒರಟು ಮರಳು ಸರಿಯಾದ ಅಳತೆ. ಇಲ್ಲಿ ಸಣ್ಣ ಮರಳು ಬೇಡ, ಮಣ್ಣು ಕೊಳೆಯುವಾಗ ಹೊರಡುವ ಅನಿಲಕ್ಕೆ ದಾರಿ ಸಿಗದೆ ಒಮ್ಮೆಲೇ ಒಡೆದು ಮಣ್ಣನ್ನೂ ಮೇಲೆ ತರುತ್ತದೆ. ಜಲ್ಲಿಯ ಮೇಲೆ ಸಣ್ಣ ಮರಳು ಹಾಸಿ ಎರಡು ಪದರ ಮಾಡಲು ಹೋದರೆ, ಮರಳು ಸಂದಿಗಳಿಂದ ಕೆಳಗಿಳಿದು ಜಲ್ಲಿ ಮೇಲೆ ಬರುತ್ತದೆ.

ದಿನಗಳೆದಂತೆ ಬರುವ ತೊಂದರೆಗಳು

ಹೊಸ ಟ್ಯಾಂಕಿನಲ್ಲಿ ಮರಳಿನ ಮೇಲೆ ಕಂದು ಪುಡಿ ಕವಿದರೆ ಅದು ಡಯಾಟಮ್ ಪಾಚಿ. ಸಿಲಿಕಾ ಮರಳೇ ಇದಕ್ಕೆ ಕಾರಣ ಎಂಬ ಮಾತು ಬಹಳ ಹಬ್ಬಿದೆ. ಬೆಣಚು ನೀರಲ್ಲಿ ಕರಗುವುದು ತೀರಾ ಅತ್ಯಲ್ಪ. ಡಯಾಟಮ್‌ಗೆ ಬೇಕಾದ ಸಿಲಿಕೇಟ್ ಸಾಮಾನ್ಯವಾಗಿ ನಲ್ಲಿ ಅಥವಾ ಬೋರ್‌ವೆಲ್ ನೀರಿನಲ್ಲೇ ಇರುತ್ತದೆ. ಒರೆಸಿ, ಸೈಫನ್ ಮಾಡಿ ತೆಗೆಯುತ್ತಿರಿ. ಟ್ಯಾಂಕ್ ಕುದುರಿದಂತೆ, ಸಾಮಾನ್ಯವಾಗಿ ಕೆಲವು ವಾರಗಳಲ್ಲಿ, ಅದು ಹಿಂದೆ ಸರಿಯುತ್ತದೆ.

ಗಾಜಿನ ಬದಿಯಿಂದ ನೋಡಿದಾಗ ಮರಳೊಳಗೆ ಕಪ್ಪು ಮಚ್ಚೆ ಕಂಡರೆ ಅಲ್ಲಿ ಆಮ್ಲಜನಕ ಮುಗಿದಿದೆ. ಸಲ್ಫೇಟನ್ನು ಬಳಸುವ ಬ್ಯಾಕ್ಟೀರಿಯಾ ಹೈಡ್ರೋಜನ್ ಸಲ್ಫೈಡ್ ಉತ್ಪಾದಿಸುತ್ತವೆ, ಅದು ಕಬ್ಬಿಣದೊಡನೆ ಸೇರಿ ಕಪ್ಪಾಗುತ್ತದೆ. ಕೆದಕಿದರೆ ಕೊಳೆತ ಮೊಟ್ಟೆಯ ವಾಸನೆ. ಸಣ್ಣ ಪ್ರಮಾಣದಲ್ಲಿ ಇದು ಮೇಲಿನ ಆಮ್ಲಜನಕವಿರುವ ಪದರ ತಲುಪುತ್ತಲೇ ನಿರಪಾಯವಾಗಿ ಬದಲಾಗುತ್ತದೆ. ಅಪಾಯವಿರುವುದು ಇಡೀ ತಳವನ್ನು ಒಂದೇ ದಿನ ತಿರುವಿಹಾಕಿದಾಗ, ಒಟ್ಟಿಗೆ ಹೊರಬಂದ ಅನಿಲ ಮೀನನ್ನು ಕೊಲ್ಲಬಲ್ಲದು. ಕಪ್ಪು ಜಾಗವನ್ನು ದಿನಕ್ಕೆ ಅಂಗೈಯಗಲದಷ್ಟು ಮಾತ್ರ, ನೇರ ಸೈಫನ್ ಕೊಳವೆಯಿಂದ ಮರಳು ಸಮೇತ ಎಳೆದು ತೆಗೆಯಿರಿ, ಆಗ ಗಾಳಿಯ ಪಂಪ್ ಜೋರಾಗಿ ಓಡುತ್ತಿರಲಿ. ಇದು ಬಾರದಂತೆ ನೋಡಿಕೊಳ್ಳಲು ಮರಳಿನ ಮೇಲಿನ 1ರಿಂದ 2 ಸೆಂ.ಮೀ.ಯನ್ನು ವಾರಕ್ಕೊಮ್ಮೆ ಕಡ್ಡಿಯಿಂದ ಗೀರಿದರೆ ಸಾಕು. ಮಲೇಷಿಯನ್ ಟ್ರಂಪೆಟ್ ಬಸವನಹುಳುಗಳು ಮರಳೊಳಗೇ ಓಡಾಡಿ ಈ ಕೆಲಸ ಮಾಡುತ್ತವೆ. ಊಟ ಹೆಚ್ಚಾದರೆ ಅವುಗಳ ಸಂಖ್ಯೆಯೂ ಮಿತಿಮೀರುತ್ತದೆ ಎಂಬುದು ನೆನಪಿರಲಿ.

ಸೈಫನ್ ಮಾಡುವ ರೀತಿ ಜಲ್ಲಿಗಿಂತ ಬೇರೆ. ಮರಳಿನ ಮೇಲೆ ಹಿಕ್ಕೆ, ಉಳಿದ ಆಹಾರ ಒಳಗಿಳಿಯದೆ ಮೇಲೇ ಕೂರುತ್ತವೆ, ಹಾಗಾಗಿ ಕೊಳವೆಯನ್ನು ಹುಗಿಯುವ ಅಗತ್ಯವಿಲ್ಲ. ಮರಳಿನಿಂದ 1ರಿಂದ 2 ಸೆಂ.ಮೀ. ಮೇಲೆ ಹಿಡಿದು ಸುತ್ತಿಸುತ್ತ ಬನ್ನಿ, ಕಸ ಏಳುತ್ತದೆ, ಮರಳು ಉಳಿಯುತ್ತದೆ. ಮರಳು ಕೊಳವೆ ಏರತೊಡಗಿದರೆ ಪೈಪನ್ನು ಬೆರಳಿಂದ ಹಿಸುಕಿ ಹರಿವು ತಗ್ಗಿಸಿ.

ಪಾಚಿ ಒರೆಸುವ ಅಯಸ್ಕಾಂತದ ಬ್ರಷ್ ಮರಳನ್ನು ಮುಟ್ಟದಿರಲಿ. ಬೆಣಚು ಗಾಜಿಗಿಂತ ಗಡಸು, ಬ್ರಷ್ಷಿಗೆ ಸಿಕ್ಕ ಒಂದೇ ಕಣ ಗಾಜಿನುದ್ದಕ್ಕೂ ಅಳಿಸಲಾಗದ ಗೀರು ಎಳೆಯುತ್ತದೆ. ತಳದ 3 ಸೆಂ.ಮೀ. ಗಾಜನ್ನು ಬ್ಲೇಡ್ ಅಥವಾ ಬಟ್ಟೆಯಿಂದ ಕೈಯಲ್ಲೇ ಶುಚಿಗೊಳಿಸಿ.

ಮೀನಿರುವ ಟ್ಯಾಂಕಿನಲ್ಲಿ ಮರಳು ಬದಲಿಸುವುದಾದರೆ

ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಹೆಚ್ಚಾಗಿ ಫಿಲ್ಟರಿನಲ್ಲಿದ್ದರೂ ತಳದಲ್ಲೂ ಒಂದು ಪಾಲು ಇರುತ್ತದೆ. ಹಳೆಯ ತಳವನ್ನು ವಾರಕ್ಕೆ ಮೂರನೇ ಒಂದು ಭಾಗದಂತೆ, ನೀರು ಬದಲಿಸುವ ದಿನ ಅಗಲ ಪೈಪಿನಿಂದ ಸೈಫನ್ ಮಾಡಿ ತೆಗೆಯಿರಿ. ಆ ವಾರಗಳಲ್ಲಿ ಫಿಲ್ಟರ್ ತೊಳೆಯಬೇಡಿ, ಊಟವನ್ನು ಅರ್ಧಕ್ಕಿಳಿಸಿ. ಹೊಸ ಮರಳಿನ ಕೊನೆಯ ತೊಳೆತವನ್ನು ಕ್ಲೋರಿನ್ ತೆಗೆದ ನೀರಿನಲ್ಲಿ ಮಾಡಿ. ಅದನ್ನು ಮೇಲಿಂದ ಸುರಿಯದೆ, ತಳದವರೆಗೆ ಇಳಿಬಿಟ್ಟ 5 ಸೆಂ.ಮೀ. ಅಗಲದ ಪಿವಿಸಿ ಕೊಳವೆಯೊಳಗೆ ಮಗ್‌ನಿಂದ ಹಾಕುತ್ತ, ಕೊಳವೆಯನ್ನು ನಿಧಾನಕ್ಕೆ ಸರಿಸುತ್ತ ಹೋಗಿ. ಆ ಹೊತ್ತಿಗೆ ಫಿಲ್ಟರ್ ನಿಲ್ಲಿಸಿ, ಆದರೆ ಒಂದು ಗಂಟೆಗಿಂತ ಹೆಚ್ಚು ಕಾಲ ಹಾಗೆ ಬಿಡಬೇಡಿ, ಒಳಗಿನ ಬ್ಯಾಕ್ಟೀರಿಯಾಗಳಿಗೂ ಹರಿಯುವ ನೀರಿನ ಆಮ್ಲಜನಕ ಬೇಕು. ಹೆಚ್ಚು ಹೊತ್ತು ಬೇಕಾದರೆ ಫಿಲ್ಟರಿನ ಸ್ಪಂಜನ್ನು ಟ್ಯಾಂಕ್ ನೀರಿನ ಬಕೆಟ್‌ನಲ್ಲಿ ಗಾಳಿಕಲ್ಲಿನ ಜೊತೆ ಇಡಿ. ಮುಂದಿನ ಹತ್ತು ದಿನ ದಿನಬಿಟ್ಟು ದಿನ ಅಮೋನಿಯಾ, ನೈಟ್ರೈಟ್ ಅಳೆಯಿರಿ. ಎರಡರಲ್ಲಿ ಯಾವುದಾದರೂ ಲೀಟರಿಗೆ 0.25 ಮಿ.ಗ್ರಾಂ. ತಲುಪಿದರೆ ಅಂದೇ ಮೂರನೇ ಒಂದು ಭಾಗ ನೀರು ಬದಲಿಸಿ, ಅದು ಸೊನ್ನೆಗೆ ಇಳಿಯುವವರೆಗೆ ಮುಂದಿನ ಭಾಗದ ಮರಳಿಗೆ ಕೈ ಹಾಕಬೇಡಿ.